ಬೇಲಿ ಹೊಲ ಮೇಯದಂತೆ

ಮೊನ್ನೆ ತರಗತಿಯಲ್ಲಿ ಸಂಧಿಯ ಪಾಠ ಮುಗಿದ ಮೇಲೆ ಹುಡುಗನೊಬ್ಬ ಎದ್ದು ನಿಂತು, “ಮೇಷ್ಟ್ರೆ, ನಮ್ಮ ಅಪ್ಪನ ಫೋನಿನಲ್ಲಿ ಆಗಾಗ ‘ಸೆಕ್ಯುರಿಟಿ ಪ್ಯಾಚ್ ಬಂದಿದೆ’ ಎಂದು ತೋರಿಸುತ್ತದೆ. ಪ್ಯಾಚ್ ಎಂದರೆ ತೇಪೆಯಲ್ಲವೆ? ಹಾಗಾದರೆ ಹರಿದದ್ದು ಏನು?” ಎಂದು ಕೇಳಿದ. ಪದಕ್ಕೆ ಅರ್ಥ ಹೇಳುವುದು ನನ್ನ ಕಸುಬು; ಹರಿದ ಜಾಗವನ್ನು ತೋರಿಸುವುದು ಅಲ್ಲಿಯವರೆಗೆ ನನ್ನ ಕಸುಬಾಗಿರಲಿಲ್ಲ. ಆದರೂ ಕೇಳಿದವನಿಗೆ ಉತ್ತರ ಹೇಳಬೇಕಲ್ಲ! ಬಲ್ಲವರನ್ನು ವಿಚಾರಿಸಿ, ಓದಿ ತಿಳಿದುಕೊಂಡೆ. ಹರಿಯುವ ಜಾಗಗಳು ಹಲವು ಉಂಟು. ಅವುಗಳ ಪೈಕಿ ಬಹು ಮುಖ್ಯವಾದ ಒಂದನ್ನು ಇಲ್ಲಿ ಓದುಗರಿಗೆ ಅರಿಕೆ ಮಾಡುತ್ತೇನೆ.

ಫೋನಾಗಲಿ, ಮೇಜಿನ ಮೇಲಿನ ಗಣಕಯಂತ್ರವಾಗಲಿ, ಅದರೊಳಗೆ ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಒಂದು ರೇಡಿಯೋ ಕೇಳಿಸುತ್ತದೆ, ಒಂದು ಮಕ್ಕಳ ಆಟ, ಮತ್ತೊಂದು ಬ್ಯಾಂಕಿನ ಲೆಕ್ಕ. ಇವೆಲ್ಲಕ್ಕೂ ಯಜಮಾನನಂತಿರುವ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಎಂದರೆ ಕಾಯಿಯೊಳಗಿನ ತಿರುಳು. ಆಂಡ್ರಾಯ್ಡ್ ಫೋನುಗಳ ತಿರುಳು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಆರಂಭಿಸಿದರು.

ಯಂತ್ರದ ಸ್ಮೃತಿಯನ್ನು, ಎಂದರೆ ಮೆಮೊರಿಯನ್ನು, ಗೂಡುಗಳ ಒಂದು ದೊಡ್ಡ ಸಾಲು ಎಂದು ಭಾವಿಸಿಕೊಳ್ಳಿ. ಪ್ರತಿಯೊಂದು ಗೂಡಿಗೂ ಒಂದು ಅಂಕೆ. ಅದೇ ಅದರ ವಿಳಾಸ. 32 ಬಿಟ್‌ನ ಇಂಟೆಲ್ ಯಂತ್ರಗಳಲ್ಲಿ ಒಟ್ಟು ವಿಳಾಸಗಳ ಹರವು 4 ಗಿಗಾಬೈಟ್. ಲಿನಕ್ಸ್ ಸಾಮಾನ್ಯವಾಗಿ ಕೆಳಗಿನ 3ನ್ನು ಪ್ರೋಗ್ರಾಮಿಗೆ ಬಿಟ್ಟು, ಮೇಲಿನ 1ನ್ನು ತನಗೆ ಇಟ್ಟುಕೊಳ್ಳುತ್ತಿತ್ತು. ಪ್ರೋಗ್ರಾಮು ಗೆರೆ ದಾಟಿ ಮೇಲಿನ ಭಾಗಕ್ಕೆ ಕೈ ಹಾಕಿದರೆ ಪ್ರೊಸೆಸರು ಒಡನೆಯೇ ತಡೆಯುತ್ತದೆ. ಕರ್ನೆಲಿಗಾದರೋ ಎರಡು ಕಡೆಗೂ ಪ್ರವೇಶ ಉಂಟು. ತೊಡಕು ಹುಟ್ಟುವುದು ಇಲ್ಲಿಯೇ.

ಪ್ರೋಗ್ರಾಮು ತಾನಾಗಿ ಕಡತವನ್ನು ಓದಲಾರದು, ಜಾಲಕ್ಕೆ ಸುದ್ದಿ ಕಳಿಸಲಾರದು. ಎಲ್ಲಕ್ಕೂ ಕರ್ನೆಲಿಗೆ ಅರ್ಜಿ ಹಾಕಬೇಕು: “ಆ ಕಡತದಿಂದ ನೂರು ಅಕ್ಷರ ಓದಿ, ಇಂಥ ವಿಳಾಸದ ಗೂಡುಗಳಲ್ಲಿ ತಂದಿಡು” ಎಂದು. ವಿಳಾಸವನ್ನು ಬರೆದುಕೊಡುವವನು ಅರ್ಜಿದಾರನೇ. ಅವನು ಸುಳ್ಳು ವಿಳಾಸ ಬರೆದರೆ ಏನು ಗತಿ?

ನಮ್ಮ ಶಾಲೆಯ ದೃಷ್ಟಾಂತವನ್ನೇ ಕೊಡುತ್ತೇನೆ. ಪರೀಕ್ಷೆಯ ಪ್ರಶ್ನಪತ್ರಿಕೆಗಳು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿರುತ್ತವೆ. ಹುಡುಗರು ಅಲ್ಲಿಗೆ ಹೋಗುವಂತಿಲ್ಲ. ಜವಾನನು ಹೋಗಬಹುದು, ಬೀಗದ ಕೈ ಅವನಲ್ಲಿದೆ. ಹುಡುಗನೊಬ್ಬ “ಮೂರನೆಯ ಅಂಕಣದ ಮೇಲಿನ ಕಾಗದ ತಂದುಕೊಡಿ” ಎಂದು ಚೀಟಿ ಬರೆದುಕೊಟ್ಟ; ಜವಾನ ಯೋಚಿಸದೆ ತಂದುಕೊಟ್ಟ. ಹುಡುಗ ಬೀಗ ಮುರಿಯಲಿಲ್ಲ, ಗೋಡೆ ಹಾರಲಿಲ್ಲ. ಅಧಿಕಾರವುಳ್ಳವನ ಕೈಯಿಂದಲೇ ಕೆಲಸ ಸಾಧಿಸಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆಟದ ಸೋಗಿನಲ್ಲಿ ಬಂದ ಕಳ್ಳ ಪ್ರೋಗ್ರಾಮು ಹೀಗೆ ಕರ್ನೆಲಿನ ಕೈಯಿಂದ ಕರ್ನೆಲಿನ ಗೂಡುಗಳನ್ನೇ ತಿದ್ದಿಸಿಕೊಂಡರೆ, ಅದು ಯಂತ್ರಕ್ಕೆಲ್ಲ ಒಡೆಯನಾಗಬಹುದು. ಪಕ್ಕದ ಬ್ಯಾಂಕಿನ ಲೆಕ್ಕವೂ ಆಗ ಅದರ ವಶ.

ಆದ್ದರಿಂದ ಕರ್ನೆಲ್ ಬರೆಯುವವರ ಮೊದಲ ನಿಯಮ ಇದು: ಹೊರಗಿನವನು ಕೊಟ್ಟ ವಿಳಾಸವನ್ನು ನೇರವಾಗಿ ಮುಟ್ಟಬಾರದು, ಅದಕ್ಕೆಂದೇ ನೇಮಿಸಿದ ಬಾಗಿಲಿನ ಮೂಲಕವೇ ಹೋಗಬೇಕು. ಈ ಪದ್ಧತಿ ಹಳೆಯದು. 1970ರ ದಶಕದಲ್ಲಿ ಪಿಡಿಪಿ-11 ಯಂತ್ರದ ಮೇಲೆ ನಡೆಯುತ್ತಿದ್ದ ಯುನಿಕ್ಸ್‌ನಲ್ಲಿಯೇ ಬಳಕೆದಾರನ ಕಡೆಯಿಂದ ಒಂದು ಪದವನ್ನು ತರುವುದಕ್ಕೆ, ಅಲ್ಲಿಗೆ ಒಂದು ಪದವನ್ನು ಒಯ್ಯುವುದಕ್ಕೆ ಪ್ರತ್ಯೇಕ ಉಪಕ್ರಮಗಳಿದ್ದವು. ಲಿನಕ್ಸ್‌ನಲ್ಲಿ ಈಗ ಇವಕ್ಕೆ ‘ಕಾಪಿ ಫ್ರಮ್ ಯೂಸರ್’, ‘ಕಾಪಿ ಟು ಯೂಸರ್’ ಎಂದು ಹೆಸರು. ಬಳಕೆದಾರನಿಂದ ನಕಲು ಮಾಡಿಕೊ, ಬಳಕೆದಾರನಿಗೆ ನಕಲು ಮಾಡಿಕೊಡು ಎಂದಷ್ಟೇ ಅರ್ಥ. ಪಂಚಮಿ, ಚತುರ್ಥಿಗಳೆರಡೂ ಹೆಸರಿನಲ್ಲೇ ಇವೆ!

ಈ ಬಾಗಿಲಿನಲ್ಲಿ ನಡೆಯುವ ತಪಾಸಣೆ ಮೂರು ಬಗೆಯದು.

ಮೊದಲನೆಯದು ಗಡಿಯ ತಪಾಸಣೆ. ಕೊಟ್ಟ ವಿಳಾಸವೂ ಅಲ್ಲಿಂದ ಮುಂದಿನ ಉದ್ದವೂ ಬಳಕೆದಾರನ ಗೆರೆಯೊಳಗೇ ಇವೆಯೆ? ಇಲ್ಲಿ ಒಂದು ಸೂಕ್ಷ್ಮವಿದೆ. ಸೈಕಲ್ಲಿನ ಮೈಲಿ ಮೀಟರು 99999 ಆದ ಮೇಲೆ ಮತ್ತೆ ಸೊನ್ನೆಗೆ ಬರುವಂತೆ, ಯಂತ್ರದ ಲೆಕ್ಕವೂ ತುದಿ ಮುಟ್ಟಿದ ಮೇಲೆ ಸುತ್ತಿ ಬರುತ್ತದೆ. ಭಾರಿ ಉದ್ದವನ್ನು ಬರೆದು ಕೂಡಿಸಿದ ಮೊತ್ತ ಚಿಕ್ಕದಾಗಿ ಕಾಣುವಂತೆ ಮಾಡುವ ಕಪಟಿಗಳೂ ಉಂಟು. ಅದನ್ನೂ ನೋಡಿಕೊಳ್ಳಬೇಕು.

ಎರಡನೆಯದು, ಗೂಡು ಇದೆಯೋ ಇಲ್ಲವೋ ಎಂಬ ಪ್ರಶ್ನೆ. ವಿಳಾಸ ಗೆರೆಯೊಳಗಿದ್ದರೂ ಅಲ್ಲಿ ಮನೆಯೇ ಇಲ್ಲದಿರಬಹುದು. ಹಿಂದೆ ಇದನ್ನು ಮುಂಚಿತವಾಗಿ ಒಂದೊಂದಾಗಿ ನೋಡುತ್ತಿದ್ದುದೂ ಉಂಟು. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರು, ‘ಓದಲು ಮಾತ್ರ’ ಎಂದು ಗುರುತಿಸಿದ ಪುಟಕ್ಕೆ ಕರ್ನೆಲ್ ಬರೆದರೆ ತಡೆಯುತ್ತಿರಲಿಲ್ಲ. ಹೀಗಾಗಿ ಕರ್ನೆಲೇ ಮೊದಲು ಪರೀಕ್ಷಿಸಬೇಕಾಗಿತ್ತು. 1989ರ 80486ರಲ್ಲಿ ಆ ಕೊರತೆ ನೀಗಿತು. ಈಗಿನ ಕ್ರಮ ಬೇರೆ. ಮುಂಚಿತವಾಗಿ ಹುಡುಕದೆ ನಕಲನ್ನು ಆರಂಭಿಸುವುದು. ಗೂಡು ಇಲ್ಲದಿದ್ದರೆ ಪ್ರೊಸೆಸರು ತಾನೇ ಕೂಗಿ ಹೇಳುತ್ತದೆ. ಎಲ್ಲೆಲ್ಲಿ ಹೀಗೆ ಎಡವುವ ಸಂಭವವಿದೆಯೋ, ಎಡವಿದರೆ ಎಲ್ಲಿಗೆ ಹಿಂದಿರುಗಬೇಕೋ, ಅದರ ಪಟ್ಟಿ ಕರ್ನೆಲಿನಲ್ಲಿ ಸಿದ್ಧವಾಗಿರುತ್ತದೆ. ಪಟ್ಟಿ ನೋಡಿ ಹಿಂದಿರುಗಿ, “ವಿಳಾಸ ಸರಿಯಿಲ್ಲ” ಎಂದು ಅರ್ಜಿಯನ್ನು ತಿರಸ್ಕರಿಸುತ್ತದೆ. ಪ್ರಾಮಾಣಿಕ ಅರ್ಜಿದಾರರೇ ಹೆಚ್ಚಾಗಿರುವುದರಿಂದ ಇದರಿಂದ ಕಾಲ ಉಳಿಯುತ್ತದೆ. ತಪ್ಪಿದಾಗ ಯಂತ್ರವೂ ಕೆಡುವುದಿಲ್ಲ.

ಮೂರನೆಯದು ಕಾಲದ ಕಪಟ. ರಜಾಚೀಟಿಯನ್ನು ಹುಡುಗನ ಕೈಯಲ್ಲೇ ಬಿಟ್ಟು ಓದಿ “ಸರಿ, ಎರಡು ದಿನ” ಎಂದು ಒಪ್ಪಿದೆವೆನ್ನಿ. ನಾವು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಅವನು ಎರಡನ್ನು ಹನ್ನೆರಡು ಮಾಡಿರಬಹುದು. ಒಂದು ಪ್ರೋಗ್ರಾಮು ಅರ್ಜಿ ಕೊಟ್ಟು ಕಾಯುತ್ತಿರುವಾಗಲೇ ಅದರದೇ ಇನ್ನೊಂದು ಎಳೆ ಅರ್ಜಿಯ ಅಂಕೆಯನ್ನು ತಿದ್ದಬಲ್ಲದು. ಪರಿಹಾರ ಸರಳ: ಒಂದೇ ಸಲ ನಕಲು ತೆಗೆದುಕೊಂಡು, ತನ್ನ ಕೈಯಲ್ಲಿರುವ ನಕಲನ್ನೇ ಪರೀಕ್ಷಿಸಿ, ಅದನ್ನೇ ಬಳಸಬೇಕು. ಮೂಲವನ್ನು ಮತ್ತೆ ನೋಡಬಾರದು.

ಇಷ್ಟೆಲ್ಲ ನಿಯಮವಿದ್ದರೂ ಬರೆಯುವವನು ಮನುಷ್ಯ. ಮರೆತು ಹೊರಗಿನ ವಿಳಾಸವನ್ನು ನೇರವಾಗಿ ಮುಟ್ಟಿಬಿಟ್ಟರೆ? ಇಲ್ಲಿ ಪ್ರೊಸೆಸರು ತಯಾರಿಸುವವರು ನೆರವಿಗೆ ಬಂದರು. ಇಂಟೆಲ್‌ನವರು 2014ರ ಬ್ರಾಡ್‌ವೆಲ್ ಪ್ರೊಸೆಸರುಗಳಲ್ಲಿ ಸ್ಮ್ಯಾಪ್ ಎಂಬ ಅಗುಳಿಯನ್ನಿಟ್ಟರು. ಅಗುಳಿ ಹಾಕಿರುವಾಗ ಕರ್ನೆಲ್ ಕೂಡ ಬಳಕೆದಾರನ ಗೂಡನ್ನು ಮುಟ್ಟುವಂತಿಲ್ಲ. ನೇಮಿಸಿದ ಬಾಗಿಲಿನಲ್ಲಿ ಮಾತ್ರ ಅಗುಳಿ ತೆಗೆದು, ನಕಲು ಮಾಡಿ, ಮತ್ತೆ ಹಾಕಬೇಕು. ಫೋನುಗಳಲ್ಲಿ ಹೆಚ್ಚಾಗಿರುವ ಆರ್ಮ್ ಪ್ರೊಸೆಸರುಗಳಲ್ಲಿ 8.1ನೆಯ ಆವೃತ್ತಿಯಿಂದ ಇದೇ ಬಗೆಯ ‘ಪ್ಯಾನ್’ ಬಂದಿದೆ. ಅಲ್ಲದೆ “ನಾನು ಕರ್ನೆಲಾದರೂ ಸಾಮಾನ್ಯನ ಅಧಿಕಾರದಿಂದ ಮಾತ್ರ ಓದುತ್ತೇನೆ” ಎಂದು ಹೇಳಿ ಓದುವ ವಿಶೇಷ ಆಜ್ಞೆಯೂ ಆರ್ಮ್‌ನಲ್ಲಿ ಉಂಟು. ಆಗ ಸುಳ್ಳು ವಿಳಾಸವನ್ನು ಪ್ರೊಸೆಸರೇ ತಿರಸ್ಕರಿಸುತ್ತದೆ. ರಿಸ್ಕ್-ಫೈವ್‌ನಲ್ಲಿ ಇಂಥ ಅಗುಳಿಯ ಹೆಸರು ಸಮ್. ಐಬಿಎಂನವರ ದೊಡ್ಡ ಯಂತ್ರಗಳ ಲಿನಕ್ಸ್‌ನಲ್ಲಿ ಕರ್ನೆಲಿಗೂ ಬಳಕೆದಾರನಿಗೂ ವಿಳಾಸಗಳ ಸಾಲೇ ಬೇರೆ ಬೇರೆ. ಎರಡು ಬೀದಿಗಳಲ್ಲಿಯೂ 10ನೆಯ ನಂಬರಿನ ಮನೆ ಇದ್ದ ಹಾಗೆ, ಒಂದೇ ಅಂಕೆ ಎರಡು ಕಡೆ ಎರಡು ಗೂಡುಗಳನ್ನು ಹೇಳುತ್ತದೆ. ಆಚೆಯ ಬೀದಿಗೆ ಹೋಗಲು ಪ್ರತ್ಯೇಕ ಆಜ್ಞೆಯೇ ಬೇಕು.

ಆದರೂ ಎಚ್ಚರ ತಪ್ಪಿದ ಪ್ರಸಂಗಗಳಿಲ್ಲದಿಲ್ಲ. 2008ರ ಫೆಬ್ರುವರಿಯಲ್ಲಿ ಲಿನಕ್ಸ್‌ನ ‘ವಿಎಂಸ್ಪ್ಲೈಸ್’ ಎಂಬ ಅರ್ಜಿಯ ದಾರಿಯಲ್ಲಿ ಗಡಿಯ ತಪಾಸಣೆ ಬಿಟ್ಟುಹೋಗಿದ್ದುದು ಬಯಲಾಯಿತು. ಸಾಮಾನ್ಯ ಬಳಕೆದಾರನು ಯಂತ್ರದ ಒಡೆಯನಾಗಲು ಅದು ದಾರಿಯಾಗಿತ್ತು. 2017ರಲ್ಲಿ ಇದೇ ತಪ್ಪು ಮರುಕಳಿಸಿತು. ‘ವೇಟ್‌ಐಡಿ’ ಎಂಬ ಅರ್ಜಿಯ ಭಾಗವನ್ನು ತಿದ್ದಿ ಬರೆಯುವಾಗ ಅಗುಳಿ ತೆಗೆಯುವುದೂ ಹಾಕುವುದೂ ಕ್ರಮವಾಗಿಯೇ ಇದ್ದವು. ಗಡಿಯ ತಪಾಸಣೆ ಮಾತ್ರ ಬಿಟ್ಟುಹೋಯಿತು. ಅರ್ಜಿದಾರನು ಕರ್ನೆಲಿನದೇ ವಿಳಾಸ ಕೊಟ್ಟರೂ ಅಲ್ಲಿಗೆ ಬರೆಯುವಂತಾಯಿತು. ಅಗುಳಿ ಇದನ್ನು ತಡೆಯಲಾರದು. ಕರ್ನೆಲ್ ಬಳಕೆದಾರನ ಕಡೆಗೆ ಕೈ ಚಾಚದಂತೆ ನೋಡುವುದಷ್ಟೇ ಅದರ ಕೆಲಸ, ತನ್ನ ಗೂಡನ್ನೇ ತಾನು ಮುಟ್ಟುವುದನ್ನು ಅದು ಕೇಳುವುದಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ತೇಪೆ ಹಾಕಿದರು. ಅಷ್ಟಕ್ಕೇ ಬಿಡದೆ, 2019ರ 5.0 ಆವೃತ್ತಿಯಲ್ಲಿ ಅಗುಳಿ ತೆಗೆಯುವ ಆಜ್ಞೆಯೊಳಗೇ ಗಡಿಯ ತಪಾಸಣೆಯನ್ನು ಸೇರಿಸಿಬಿಟ್ಟರು. ಒಂದನ್ನು ಮಾಡಿ ಇನ್ನೊಂದನ್ನು ಮರೆಯುವ ಅವಕಾಶವೇ ಅಲ್ಲಿ ಉಳಿಯಲಿಲ್ಲ. ಎಚ್ಚರವಾಗಿರು ಎಂದು ಮನುಷ್ಯನಿಗೆ ನೂರು ಸಲ ಹೇಳುವುದಕ್ಕಿಂತ ಮರೆಯಲಾಗದಂತೆ ಬಾಗಿಲನ್ನು ಕಟ್ಟುವುದು ಮೇಲು. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ನನಗೆ ಈ ಮಾತು ಬಹಳ ಹಿಡಿಸಿತು.

ಮರುದಿನ ಆ ಹುಡುಗನಿಗೆ ಇಷ್ಟನ್ನೂ ನನಗೆ ತಿಳಿದಂತೆ ಹೇಳಿದೆ. ಅವನು ಕೊನೆಗೆ ಕೇಳಿದ್ದು ಒಂದೇ: “ಹಾಗಾದರೆ ತೇಪೆ ಬಂದ ದಿನವೇ ಹಾಕಿಸಬೇಕಲ್ಲವೆ, ಮೇಷ್ಟ್ರೆ? ಅಪ್ಪ ನಾಳೆ ನಾಡಿದ್ದು ಎಂದು ಮುಂದಕ್ಕೆ ಹಾಕುತ್ತಾರೆ.” ಹೌದು ಎಂದೆ. ಹರಿದ ಜಾಗ ಯಾವುದೆಂದು ತೇಪೆ ಬಂದ ದಿನವೇ ಊರಿಗೆಲ್ಲ ಗೊತ್ತಾಗುತ್ತದೆ, ಕಳ್ಳನಿಗೂ ಗೊತ್ತಾಗುತ್ತದೆ. ಓದುಗರ ಮನೆಯ ಫೋನಿನಲ್ಲಿಯೂ ಅಂಥ ಸೂಚನೆ ಕಾದಿದ್ದರೆ, ಇಂದು ರಾತ್ರಿ ಮಲಗುವ ಮುನ್ನ ಅದಕ್ಕೆ ಒಪ್ಪಿಗೆ ಕೊಟ್ಟುಬಿಡುವುದು ಲೇಸು.