ಒಬ್ಬನಿಗೆ ಎಷ್ಟು ಕೋವಿ?

ಕೊಡಗು, ಮಲೆನಾಡು, ಪುತ್ತೂರು, ಸುಳ್ಯ, ಕಾಸರಗೋಡು, ಈ ಕಡೆಗಳಿಂದ ಹೊಟ್ಟೆಪಾಡಿಗಾಗಿ ಚೆನ್ನೈಗೆ ಬಂದ ನಮ್ಮವರಿಗೆ ಕೋವಿ ಅಪರಿಚಿತ ವಸ್ತುವಲ್ಲ. ಊರ ಮನೆಯ ಗೋಡೆಯ ಗೂಟಕ್ಕೆ ತೂಗುಹಾಕಿದ ಕೋವಿಯನ್ನು ನೋಡುತ್ತ ಬೆಳೆದವರು ಅವರಲ್ಲಿ ಅನೇಕರು. ಬಯಲುಸೀಮೆಯವರಿಗಾದರೋ ಕೋವಿಯೆಂದರೆ ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲ ಮೇಲಿನದು, ಅಷ್ಟೆ. ಆದರೆ ಅಮೆರಿಕದಲ್ಲಿ ಒಬ್ಬೊಬ್ಬನ ಮನೆಯಲ್ಲಿ ಹತ್ತಿಪ್ಪತ್ತು ಬಂದೂಕುಗಳಿವೆಯೆಂಬ ಸುದ್ದಿಯನ್ನು ಓದಿದಾಗ ಇಬ್ಬರಿಗೂ ಒಂದೇ ಪ್ರಶ್ನೆ ಹುಟ್ಟುತ್ತದೆ. ಒಬ್ಬ ಮನುಷ್ಯನ ಬಳಿ ಎಷ್ಟು ಕೋವಿಗಳಿರುತ್ತವೆ? ಎಷ್ಟು ಇಟ್ಟುಕೊಳ್ಳಲು ಅಪ್ಪಣೆಯುಂಟು?

ಮೊದಲು ಅಮೆರಿಕದ ಲೆಕ್ಕವನ್ನು ನೋಡೋಣ. ೨೦೧೫ರಲ್ಲಿ ಹಾರ್ವರ್ಡ್ ಮತ್ತು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಅಲ್ಲಿ ಒಂದು ಸಮೀಕ್ಷೆ ನಡೆಸಿದರು. ಬಂದೂಕಿನ ಒಡೆಯನೊಬ್ಬನಿಗೆ ಸರಾಸರಿ ಸುಮಾರು ೫ ಬಂದೂಕುಗಳೆಂದು ತಿಳಿದುಬಂತು. ಆದರೆ ಸರಾಸರಿಯೆಂಬುದು ಮೋಸದ ಮಾತು. ಪಂಕ್ತಿಯಲ್ಲಿ ಹತ್ತು ಜನ ಕೂತು, ಅರ್ಧ ಅನ್ನವನ್ನು ಒಬ್ಬನೇ ಉಂಡು ಎದ್ದರೂ ತಲೆಗೆ ಇಷ್ಟೆಂದು ಲೆಕ್ಕ ಹೇಳಬಹುದಷ್ಟೆ! ಅಲ್ಲಿಯೂ ಹಾಗೆಯೇ. ಬಂದೂಕಿನ ಒಡೆಯರಲ್ಲಿ ಸುಮಾರು ಅರ್ಧದಷ್ಟು ಜನರ ಬಳಿ ಇದ್ದದ್ದು ಒಂದು ಅಥವಾ ಎರಡು ಮಾತ್ರ. ದೇಶದ ವಯಸ್ಕರಲ್ಲಿ ನೂರಕ್ಕೆ ಮೂವರ ಕೈಯಲ್ಲಿ ಒಟ್ಟು ಬಂದೂಕುಗಳ ಅರ್ಧಭಾಗ ಸೇರಿತ್ತು. ಅವರಿಗೆ ತಲೆಗೆ ೧೭ರಂತೆ ಬೀಳುತ್ತಿತ್ತು. ೨೦೧೭ರಲ್ಲಿ ಪ್ಯೂ ಸಂಸ್ಥೆಯವರು ವಿಚಾರಿಸಿದಾಗಲೂ ಒಡೆಯರಲ್ಲಿ ನೂರಕ್ಕೆ ೩೨ ಜನ ಒಂದೇ ಬಂದೂಕಿದೆಯೆಂದರು; ೩೭ ಜನ ಎರಡರಿಂದ ನಾಲ್ಕು ಎಂದರು; ೨೯ ಜನ ಐದು ಅಥವಾ ಹೆಚ್ಚು ಎಂದರು. ಜಿಂಕೆಗೊಂದು, ಹಕ್ಕಿಗೊಂದು, ಗುರಿ ಅಭ್ಯಾಸಕ್ಕೊಂದು, ಕಳ್ಳಕಾಕರ ಭಯಕ್ಕೊಂದು, ತಾತನ ನೆನಪಿಗೊಂದು, ಹೀಗೆ ಬೆಳೆಯುತ್ತ ಹೋಗುತ್ತದೆ. ಇನ್ನು ಸಾಕೆಂದು ತಡೆಯುವ ಕೇಂದ್ರ ಕಾಯಿದೆ ಅಲ್ಲಿ ಇಲ್ಲ.

ನಮ್ಮ ದೇಶದ ರೀತಿ ಬೇರೆ. ಇಲ್ಲಿ ಆಯುಧವನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಸರ್ಕಾರದ ಅಪ್ಪಣೆ. ೧೮೫೭ರ ದಂಗೆಯ ತರುವಾಯ ಬ್ರಿಟಿಷರು ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳತೊಡಗಿದರು. ೧೮೭೮ರ ಆಯುಧ ಕಾಯಿದೆಯು ಭಾರತೀಯನಿಗೆ ಲೈಸೆನ್ಸು ಬೇಕೆಂದಿತು, ಯುರೋಪಿಯನ್ನನಿಗೆ ಬೇಡವೆಂದಿತು. ಈ ಪಕ್ಷಪಾತ ನಮ್ಮ ಹಿರಿಯರನ್ನು ಬಹಳವಾಗಿ ನೋಯಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ೧೯೫೯ರಲ್ಲಿ ಹೊಸ ಕಾಯಿದೆಯಾಗಿ, ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂತು. ೧೯೮೩ರ ತಿದ್ದುಪಡಿ ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಕೂಡದೆಂದು ಮಿತಿ ಹಾಕಿತು. ೨೦೧೯ರಲ್ಲಿ ಅದನ್ನು ಒಂದಕ್ಕೆ ಇಳಿಸಲು ಮಸೂದೆ ಬಂತು. ಆಕ್ಷೇಪಣೆಗಳೆದ್ದು, ಕೊನೆಗೆ ಎರಡೆಂದು ನಿಂತಿತು. ಆ ವರ್ಷದ ಡಿಸೆಂಬರ್ ೧೪ರಿಂದ ಈ ಎರಡರ ಮಿತಿಯೇ ನಡೆಯುತ್ತಿದೆ. ಮೂರನೆಯದನ್ನು ಹೊಂದಿದ್ದವರು ಒಂದು ವರ್ಷದೊಳಗಾಗಿ ಅದನ್ನು ಪೊಲೀಸ್ ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಬೇಕಾಯಿತು.

ಇಲ್ಲಿ ಎರಡು ಸಂಶಯಗಳು ಬರುವುದುಂಟು. ಜೋಡಿ ನಳಿಗೆಯ ಕೋವಿ ಒಂದೋ ಎರಡೋ ಎಂಬುದು ಮೊದಲನೆಯದು. ನಳಿಗೆ ಎರಡಿದ್ದರೂ ಅದು ಒಂದೇ ಆಯುಧ. ಅಜ್ಜನ ಕಾಲದ್ದು, ಪಿತ್ರಾರ್ಜಿತ, ಅದು ಲೆಕ್ಕಕ್ಕೆ ಸೇರುತ್ತದೆಯೇ ಎಂಬುದು ಎರಡನೆಯದು. ಸೇರುತ್ತದೆ. ಪಿತ್ರಾರ್ಜಿತವಾಗಿ ಬಂದದ್ದೂ ಕೂಡಿ ಎರಡನ್ನು ಮೀರಬಾರದೆಂದು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಹೆಸರಾದ ಕ್ರೀಡಾಪಟುಗಳಿಗೆ ಮಾತ್ರ ಬೇರೆ ಲೆಕ್ಕವುಂಟು. ಅವರು ಭಾಗವಹಿಸುವ ಸ್ಪರ್ಧೆಗಳಿಗೆ ತಕ್ಕಂತೆ ೧೨ರವರೆಗೆ ಇಟ್ಟುಕೊಳ್ಳಲು ೨೦೨೦ರಲ್ಲಿ ಅನುಮತಿಯಾಯಿತು.

ಹಾಗಾದರೆ ದೇಶದಲ್ಲಿ ಒಟ್ಟು ಎಷ್ಟು? ೨೦೧೬ರ ಕೊನೆಗೆ ಭಾರತದಲ್ಲಿ ಚಾಲ್ತಿಯಲ್ಲಿದ್ದ ಲೈಸೆನ್ಸುಗಳು ೩೩ ಲಕ್ಷ ೬೯ ಸಾವಿರ ಚಿಲ್ಲರೆ. ಅವುಗಳಲ್ಲಿ ಉತ್ತರ ಪ್ರದೇಶ ಒಂದರದೇ ೧೨ ಲಕ್ಷ ೭೭ ಸಾವಿರ. ಕರ್ನಾಟಕದಲ್ಲಿ ಸುಮಾರು ೧ ಲಕ್ಷ ೧೩ ಸಾವಿರ; ನಾವು ಬಾಳುತ್ತಿರುವ ತಮಿಳುನಾಡಿನಲ್ಲಿ ಸುಮಾರು ಇಪ್ಪತ್ತೆರಡೂವರೆ ಸಾವಿರ. ಆಗ ಮೂರರ ಮಿತಿಯಿತ್ತು. ಪ್ರತಿಯೊಬ್ಬನೂ ಮೂರು ಮೂರು ಇಟ್ಟಿದ್ದನೆಂದೇ ಹಿಡಿದರೂ ಒಟ್ಟು ಒಂದು ಕೋಟಿಯ ಆಸುಪಾಸು ಆಗುತ್ತದೆ. ಆದರೆ ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ ೨೦೧೭ರ ಸುಮಾರಿಗೆ ಭಾರತದ ಜನಸಾಮಾನ್ಯರ ಬಳಿ ೭ ಕೋಟಿ ೧೧ ಲಕ್ಷ ಬಂದೂಕುಗಳಿದ್ದವೆಂದು ಅಂದಾಜು ಮಾಡಿತು. ಅಂದಾಜು ಅಂದಾಜೇ ಸರಿ. ಆದರೂ ಅದರ ಪ್ರಕಾರ ಹೆಚ್ಚಿನ ಕೋವಿಗಳು ಯಾವ ಕಚೇರಿಯ ದಫ್ತರದಲ್ಲಿಯೂ ಇಲ್ಲವೆಂದಾಯಿತು. ಕಮ್ಮಟದಲ್ಲಿ ಗುಟ್ಟಾಗಿ ಮಾಡಿದ ನಾಡಕೋವಿಗಳು ಇದರಲ್ಲಿ ಸೇರುತ್ತವೆ. ಯಜಮಾನ ಸತ್ತ ಮೇಲೆ ಯಾರ ಹೆಸರಿಗೂ ಆಗದೆ ಅಟ್ಟದ ಮೇಲೆ ಉಳಿದುಬಿಡುವ ಕೋವಿಗಳೂ ಇಂಥವೇ. ಆ ಮಾತಿಗೆ ಆಮೇಲೆ ಬರೋಣ.

ಈ ಲೈಸೆನ್ಸಿನ ಜಗತ್ತಿನಲ್ಲಿ ಒಂದು ನಾಡು ಮಾತ್ರ ಬೇರೆಯಾಗಿ ನಿಂತಿದೆ. ಅದೇ ಕೊಡಗು. ೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ದಂಗೆಯ ನಂತರ ಎಲ್ಲರಿಂದಲೂ ಆಯುಧ ಕಸಿದುಕೊಳ್ಳುವ ಕಾನೂನು ಬಂದಾಗ, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಯಾರ ಹೆಸರಿದೆಯೋ ಆ ಕಮೀಷನರ್ ಮಾರ್ಕ್ ಕಬ್ಬನ್, ೧೮೬೧ರಲ್ಲಿ ಕೊಡವರನ್ನು ಅದರಿಂದ ಬಿಟ್ಟನು. ಸ್ವತಂತ್ರ ಭಾರತದ ಸರ್ಕಾರವೂ ೧೯೬೩ರಲ್ಲಿ ಇದನ್ನು ಮುಂದುವರಿಸಿತು. ಕೊಡವರಿಗೂ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಈ ವಿನಾಯಿತಿ ಸಲ್ಲುತ್ತದೆ. ಜಮ್ಮಾ ಎಂದರೆ, ಕರೆ ಬಂದಾಗ ನಾಡಿನ ಕಾವಲಿಗೆ ನಿಲ್ಲಬೇಕೆಂಬ ಹೊಣೆಯ ಮೇಲೆ ವಂಶಪಾರಂಪರ್ಯವಾಗಿ ಬಂದ ಭೂಮಿ. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ೨೦೨೯ರ ಅಕ್ಟೋಬರ್ ೩೧ರವರೆಗೆ, ಹತ್ತು ವರ್ಷ, ವಿಸ್ತರಿಸಿತು. ಒಂದು ಜನಾಂಗಕ್ಕೆ ಮಾತ್ರ ಈ ರಿಯಾಯಿತಿ ನ್ಯಾಯವೇ ಎಂಬ ತಕರಾರು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದು, ೨೦೨೧ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕೊಡಗಿನಲ್ಲಿ ಕೋವಿಯನ್ನು ಸಂಗ್ರಹದ ವಸ್ತುವೆಂದು ಎಣಿಸುವುದಿಲ್ಲ; ಅದು ಮನೆತನದ ಒಂದು ಅಂಗ. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು. ಆ ಸದ್ದಿನಿಂದಲೇ ಊರಿಗೆ ಸುದ್ದಿ. ಹುತ್ತರಿಯಲ್ಲಿ ಹೊಸ ಕದಿರನ್ನು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

ಆದರೆ ವಿನಾಯಿತಿಯೆಂದರೆ ಲಗಾಮಿಲ್ಲವೆಂದು ಅರ್ಥವಲ್ಲ. ಅರ್ಹನೆಂಬ ವಿನಾಯಿತಿ ಪತ್ರವನ್ನು ಜಿಲ್ಲಾಡಳಿತದಿಂದ ಪಡೆದಿರಬೇಕು. ಪಿಸ್ತೂಲು, ರಿವಾಲ್ವರುಗಳು ಇದರಲ್ಲಿ ಸೇರುವುದಿಲ್ಲ. ಕೊಡಗಿನ ಗಡಿ ದಾಟಿ ಬೇರೆ ಕಡೆ ವಾಸಿಸುವವನು ಅಥವಾ ಪ್ರಯಾಣ ಮಾಡುವವನು ಒಂದು ರೈಫಲು, ಅದಕ್ಕೆ ೧೦೦ ಗುಂಡು, ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ ೫೦೦ ತೋಟೆ ಅಥವಾ ಅಷ್ಟಕ್ಕೆ ಸಮನಾದ ಚರೆ ಮತ್ತು ಮದ್ದು, ಇಷ್ಟನ್ನು ಮೀರಬಾರದೆಂದು ವಿನಾಯಿತಿಯಲ್ಲಿಯೇ ಷರತ್ತು ಇದೆ. ಚೆನ್ನೈಯಲ್ಲಿರುವ ಕೊಡಗಿನ ಬಂಧುಗಳು ಇದನ್ನು ನೆನಪಿಡಬೇಕು.

ಕೊಡಗಿನ ಹೊರಗೆ, ಅಡಿಕೆ ಮತ್ತು ಕಾಫಿಯ ನಾಡುಗಳಲ್ಲಿ, ಕೋವಿಯ ಕೆಲಸ ಬೇರೆ. ಹಂದಿ ಗದ್ದೆಗೆ ನುಗ್ಗುತ್ತದೆ. ಮಂಗಗಳು ಎಳನೀರು, ಬಾಳೆಗೊನೆ ಉಳಿಸುವುದಿಲ್ಲ. ಬೆಳೆ ಕಾಯುವ ರೈತನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಲು ಕಾಯಿದೆಯಲ್ಲಿಯೇ ಅವಕಾಶವಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಕಾಲ ಮುಗಿಯಿತು. ಈಗ ಬಹುಮಟ್ಟಿಗೆ ಈ ಕೋವಿಗಳ ಕೆಲಸ ಸದ್ದು ಮಾಡಿ ಹೆದರಿಸುವುದೇ. ಇಂಥ ಮನೆಯಲ್ಲಿ ಒಂದೇ ಕೋವಿ ಇರುವುದು ಸಾಮಾನ್ಯ. ಅದೂ ಮನೆಯ ಹಿರಿಯನ ಹೆಸರಿನಲ್ಲಿ.

ತೊಡಕು ಹುಟ್ಟುವುದು ಇಲ್ಲಿಯೇ. ತಂದೆಯವರು ತೀರಿಕೊಳ್ಳುತ್ತಾರೆ. ಮಗ ಚೆನ್ನೈಯಲ್ಲಿ ಗುಮಾಸ್ತ. ಹದಿನೈದು ದಿನದ ರಜೆಯಲ್ಲಿ ಉತ್ತರಕ್ರಿಯೆ ಮುಗಿಸಿ, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ರೇಷನ್ ಕಾರ್ಡು ಎಲ್ಲವನ್ನೂ ಸರಿಮಾಡಿ ಹಿಂದಿರುಗುತ್ತಾನೆ. ಕೋವಿಯ ನೆನಪು ಯಾರಿಗೂ ಬರುವುದಿಲ್ಲ. ಆದರೆ ಲೈಸೆನ್ಸು ಮನೆಯದಲ್ಲ, ಮನುಷ್ಯನದು. ಅವನೊಂದಿಗೇ ಅದು ಮುಗಿಯಿತು. ಆ ಬಳಿಕ ಅದೇ ಗೂಟದಲ್ಲಿ ಅದೇ ಕೋವಿ ತೂಗುತ್ತಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಅಕ್ರಮ ಆಯುಧ. ೨೦೧೯ರ ತಿದ್ದುಪಡಿಯಂತೆ ಲೈಸೆನ್ಸಿಲ್ಲದ ಕೋವಿಗೆ ಎರಡರಿಂದ ಐದು ವರ್ಷ ಸೆರೆಮನೆ, ಮೇಲೆ ದಂಡ. ಮನೆಯಲ್ಲಿ ಒಬ್ಬರೇ ಉಳಿದ ವಯಸ್ಸಾದ ತಾಯಿಯವರಿಗೆ ಇದೇನು ಗೊತ್ತು? ಊರಲ್ಲಿ ಯಾರದೋ ಹಗೆಯಿಂದ ಒಂದು ಅರ್ಜಿ ಹೋದರೆ ಠಾಣೆಯವರು ಮೊದಲು ಬರುವುದು ಅವರ ಬಾಗಿಲಿಗೆ.

ಪರಿಹಾರ ಕಷ್ಟದ್ದಲ್ಲ. ತಡಮಾಡದೆ ಕೋವಿಯನ್ನೂ ತೋಟೆಗಳನ್ನೂ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸುದಾರ ವ್ಯಾಪಾರಿಗೆ ಒಪ್ಪಿಸಿ ರಸೀತಿ ಪಡೆಯಬೇಕು. ಬೇಕೆನಿಸಿದರೆ ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಕೋರಿ ಅರ್ಜಿ ಹಾಕಬಹುದು. ಬೇಡವಾದರೆ ಹಕ್ಕುಳ್ಳವರಿಗೆ ಮಾರಬಹುದು. ಹಿರಿಯರು ಬದುಕಿರುವಾಗಲೇ ಒಂದು ದಾರಿಯುಂಟು. ಲೈಸೆನ್ಸುದಾರನಿಗೆ ೭೦ ವರ್ಷ ತುಂಬಿದ್ದರೆ, ಅಥವಾ ಆ ಕೋವಿಯನ್ನು ೨೫ ವರ್ಷ ಇಟ್ಟುಕೊಂಡಿದ್ದರೆ, ಅವರು ತಮ್ಮ ವಾರಸುದಾರನಿಗೆ ಅದನ್ನು ವರ್ಗಾಯಿಸಲು ೨೦೧೬ರ ಆಯುಧ ನಿಯಮಗಳು ಅವಕಾಶ ಕೊಡುತ್ತವೆ.

ಕೋವಿಯನ್ನು ಚೆನ್ನೈಗೆ ತರಬೇಕೆನ್ನುವವರು ಇನ್ನೊಂದು ವಿಷಯ ತಿಳಿದಿರಬೇಕು. ಲೈಸೆನ್ಸುದಾರನು ಮೂವತ್ತು ದಿನ ಮೀರಿ ಬೇರೆ ಕಡೆ ವಾಸಕ್ಕೆ ಹೋಗಿ, ಆಯುಧವನ್ನೂ ಒಯ್ದರೆ, ಮೂವತ್ತು ದಿನಗಳೊಳಗೆ ಎರಡೂ ಕಡೆಯ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಜಿಲ್ಲೆಗಳಲ್ಲಿ ಆ ಅಧಿಕಾರಿ ಜಿಲ್ಲಾಧಿಕಾರಿ. ಚೆನ್ನೈಯಲ್ಲಿ ಪೊಲೀಸ್ ಕಮೀಷನರ್. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ನಮ್ಮಂಥವರ ಬಿಡಾರಕ್ಕೆ ಕೋವಿಯನ್ನು ತರದಿರುವುದೇ ಕ್ಷೇಮ.

ಒಬ್ಬನಿಗೆ ಎಷ್ಟು ಕೋವಿ ಎಂಬುದಕ್ಕೆ ಅಮೆರಿಕದಲ್ಲಿ ಅವನ ಆಸೆಯೂ ಜೇಬೂ ಉತ್ತರ ಹೇಳುತ್ತವೆ. ನಮ್ಮಲ್ಲಿ ಕಾಯಿದೆ ಹೇಳುತ್ತದೆ, ಎರಡು. ಆದರೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಎಷ್ಟು ಎಂಬುದಕ್ಕಿಂತ ಯಾರ ಹೆಸರಿನಲ್ಲಿ ಎಂಬುದೇ ಮುಖ್ಯ. ಮುಂದಿನ ಸಲ ಊರಿಗೆ ಹೋದಾಗ ಲೈಸೆನ್ಸಿನ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ನಾಲ್ಕು ಸಂಗತಿಗಳನ್ನು ನೋಡಿರಿ: ಅದರಲ್ಲಿ ಬರೆದ ಹೆಸರಿನವರು ಬದುಕಿದ್ದಾರೆಯೇ, ಅವಧಿ ಎಂದಿಗೆ ಮುಗಿಯುತ್ತದೆ (ಈಗ ಅದು ಐದು ವರ್ಷಕ್ಕೊಮ್ಮೆ), ಕೋವಿಯ ಮೇಲೆ ಕೊರೆದ ನಂಬರೂ ಪುಸ್ತಕದ ನಂಬರೂ ಒಂದೇ ಆಗಿವೆಯೇ, ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿದ್ದರೆ ಅದನ್ನು ಹಿಂದಕ್ಕೆ ತಂದದ್ದಾಗಿದೆಯೇ. ಒಂದರಲ್ಲಿ ವ್ಯತ್ಯಾಸ ಕಂಡರೂ ರಜೆ ಮುಗಿಯುವ ಮುಂಚೆಯೇ ಲೈಸೆನ್ಸು ಕೊಟ್ಟ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬನ್ನಿರಿ.