ಸವೆದ ಮನೆಗಳಿಗೆ ಮರಳಿದ ಸ್ವರ

ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದು ಸುಮಾರು 20 ಕಿಲೋಮೀಟರ್ ಸಾಗಿದರೆ ಕೃಷ್ಣಾ ನದಿಯ ದಂಡೆಯ ದೇವಸುಗೂರು ಎದುರಾಗುತ್ತದೆ. ಶ್ರೀ ಸೂಗೂರೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಊರಿದು. ಈ ಭಾಗದ ಮನೆಗಳಲ್ಲಿ ಸೂಗಪ್ಪ, ಸೂಗಮ್ಮ, ಸೂಗಯ್ಯ ಎಂಬ ಹೆಸರುಗಳು ಇಂದಿಗೂ ಕೇಳಿಬರುತ್ತಿರುವುದು ಆ ದೈವದ ಮೇಲಿನ ಭಕ್ತಿಗೆ ಸಾಕ್ಷಿ. ನೆರೆಯ ಶಕ್ತಿನಗರದಲ್ಲಿ 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ ಊರಿನ ಚಹರೆ ಬದಲಾಯಿತು; ಭಜನೆಯ ರೂಢಿ ಮಾತ್ರ ಉಳಿದುಬಂದಿತು.

ಕಳೆದ ವರ್ಷ ಆ ಊರಿನ ಭಕ್ತರ ಮನೆಯೊಂದಕ್ಕೆ ಹೋಗುವ ಪ್ರಸಂಗ ಒದಗಿತು. ಮನೆಯ ಹಿರಿಯರು ನಾಲ್ಕು ದಶಕಗಳ ಕಾಲ ಭಜನಾ ಮೇಳ ನಡೆಸಿ ಲಿಂಗೈಕ್ಯರಾದವರು. ಅವರ ಮೊದಲ ಪುಣ್ಯಸ್ಮರಣೆಗೆ ಇನ್ನು ಇಪ್ಪತ್ತು ದಿನಗಳಿದ್ದವು. ಪಡಸಾಲೆಯ ಮೂಲೆಯಲ್ಲಿ ಅವರ ಹಾರ್ಮೋನಿಯಂ ಬಟ್ಟೆ ಹೊದ್ದು ಕುಳಿತಿತ್ತು. ಆ ತಾಯಿ ನನ್ನನ್ನು ಕಂಡವರೇ, “ಶಾಸ್ತ್ರಿಗಳೇ, ಆ ದಿನ ಈ ಪೇಟಿ ಒಂದು ಸಲ ನುಡೀಬೇಕು, ಅಷ್ಟೇ ನನ್ನಾಸೆ” ಎಂದರು. ಮಗನ ವಿಚಾರ ಬೇರೆಯಾಗಿತ್ತು. “ಅವ್ವಾ, ಇದರ ರಿಪೇರಿಗೆ ಹಾಕೋ ದುಡ್ಡಿಗೆ ಹೊಸಾದು ಬರ್ತದ. ಇದನ್ನ ಯಾರ ಮಾಡಿಕೊಡ್ತಾರ ಈಗ?” ಎಂದು ಆತ ಕೇಳಿದ. ಆ ಪ್ರಶ್ನೆಯಲ್ಲಿ ಅಗೌರವವಿರಲಿಲ್ಲ, ಸತ್ಯವಿತ್ತು.

ಬಟ್ಟೆ ಸರಿಸಿ ತಿದಿ ಒತ್ತಿ ನೋಡಿದೆ. ಮೂರು ಬಿಳಿ ಮನೆಗಳು ಒತ್ತಿದಲ್ಲೇ ಕುಸಿದು ಕುಳಿತವು. ಒಂದು ಕರಿಯ ಮನೆ ಮುಟ್ಟದಿದ್ದರೂ ಕೂಗುತ್ತಿತ್ತು. ಉಳಿದವು ಸ್ವರಕ್ಕಿಂತ ಹೆಚ್ಚಾಗಿ ಕಟಕಟ ಸದ್ದನ್ನೇ ಹೊರಡಿಸುತ್ತಿದ್ದವು.

ಈ ವಾದ್ಯದ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ನಾನು ಅರಿತದ್ದು ಒಂದು ಅಪರಾಧದಿಂದ. ಮಠದ ಪಾಠಶಾಲೆಯಲ್ಲಿದ್ದಾಗ ನನಗೆ ಹನ್ನೆರಡು ವರ್ಷ. ಮಳೆಗಾಲದಲ್ಲಿ ಮಠದ ಹಾರ್ಮೋನಿಯಮ್ಮಿನ ಮನೆಗಳು ಉಬ್ಬಿ ಸಿಕ್ಕಿಕೊಂಡಿದ್ದವು. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟರೆ ಸರಿಯಾಗುವುದನ್ನು ಕಂಡಿದ್ದ ನಾನು, ನಂದಾದೀಪದ ಎಣ್ಣೆಯನ್ನು ತಂದು ಸಂದುಗಳಿಗೆ ಹನಿಸಿದೆ. ಮರುದಿನ ಕಟ್ಟಿಗೆ ಇನ್ನಷ್ಟು ಉಬ್ಬಿ, ಒಳಗಿನ ತೊಗಲು ಅಂಟಿಕೊಂಡು, ವಾದ್ಯ ಮೂಕವಾಯಿತು. ಗುರುಗಳು ಬೈಯಲಿಲ್ಲ. ಪೇಟಿ ಮಾಸ್ತರರನ್ನು ಕರೆಸಿ, ದುರಸ್ತಿ ಮುಗಿಯುವವರೆಗೆ ಅವರ ಬಳಿ ಕುಳಿತು ನೋಡುವಂತೆ ನನಗೆ ಅಪ್ಪಣೆ ಕೊಟ್ಟರು. ಶಿಕ್ಷೆಯೂ ಅದೇ, ಶಿಕ್ಷಣವೂ ಅದೇ ಆಯಿತು.

ಹಾರ್ಮೋನಿಯಂ ನಮ್ಮಲ್ಲಿ ಹುಟ್ಟಿದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ 1842ರಲ್ಲಿ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಅದು ಕಾಲಿನಿಂದ ತಿದಿ ತುಳಿದು ನುಡಿಸುವ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವವರಿಗೆ ಒಗ್ಗುವ ಕೈಪೆಟ್ಟಿಗೆಯಾಗಿ ರೂಪಿಸಿದರು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳು ಇದರಲ್ಲಿ ನಿಲ್ಲುವುದಿಲ್ಲವೆಂದು 1940ರಲ್ಲಿ ಆಕಾಶವಾಣಿ ಇದನ್ನು ದೂರವಿಟ್ಟಿತು. 1971ರ ನಂತರವೇ ಆ ನಿರ್ಬಂಧ ಸಡಿಲಗೊಂಡಿತು. ಆಕಾಶವಾಣಿ ಬಿಟ್ಟರೂ ಭಜನೆ ಬಿಡಲಿಲ್ಲ, ನಾಟಕದ ಕಂಪನಿಗಳು ಬಿಡಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಹಾಗೂ ಪುಟ್ಟರಾಜ ಗವಾಯಿಗಳ ಆಶ್ರಯದಲ್ಲಿ ಅನೇಕ ಅಂಧ ಬಾಲಕರು ಸಂಗೀತ ಕಲಿತು ಬದುಕು ಕಂಡರು. ಬೆರಳಿನ ಸ್ಪರ್ಶದಿಂದಲೇ ಸ್ವರದ ಸ್ಥಾನ ತಿಳಿಸುವ ಈ ವಾದ್ಯ ಕಣ್ಣಿಲ್ಲದವರಿಗೆ ಎಂಥ ಆಸರೆ! ಬೆಳಗಾವಿಯ ರಾಮಭಾವು ವಿಜಾಪುರೆ ಅವರು ಇದನ್ನು ಶಾಸ್ತ್ರೀಯ ವೇದಿಕೆಯ ಗೌರವಕ್ಕೆ ಏರಿಸಿದರು. ನಮ್ಮ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ ಅವರ ವಚನಗಾಯನವನ್ನು ಕೇಳಿದ ಹಿರಿಯರಿಗೆ ಈ ನಾದದ ಬೆಲೆಯನ್ನು ವಿವರಿಸಬೇಕಿಲ್ಲ.

ಬಹಳ ವಿಚಾರಿಸಿದ ಮೇಲೆ ರಾಯಚೂರಿನಿಂದ ಒಬ್ಬ ಪೇಟಿ ಮಾಸ್ತರರು ಬಂದರು. ವಯಸ್ಸು ಎಪ್ಪತ್ತೈದು ದಾಟಿತ್ತು. ಕಿವಿ ಚುರುಕಾಗಿತ್ತು, ಕಣ್ಣು ಮಬ್ಬಾಗಿ, ಕೈ ಸಣ್ಣಗೆ ನಡುಗುತ್ತಿತ್ತು. “ಕೆಲಸ ಗೊತ್ತದ, ಆದರ ಸಣ್ಣ ಮೊಳೆ ಕಾಣಂಗಿಲ್ಲರಿ. ಒಂದು ಕಣ್ಣು ಕೊಡ್ರಿ” ಎಂದರು. ಒಂಬತ್ತನೆಯ ತರಗತಿಯ ಮೊಮ್ಮಗಳು ಎದ್ದು ಬಂದು ಅವರ ಪಕ್ಕದಲ್ಲಿ ಕುಳಿತಳು.

ಅದು ಮೂರೂವರೆ ಸಪ್ತಕದ, ಜೋಡಿ ರೀಡಿನ ಪೆಟ್ಟಿಗೆ. ಎಂದರೆ 42 ಮನೆಗಳು, 84 ಹಿತ್ತಾಳೆಯ ರೀಡುಗಳು. ಮನೆಯೆಂಬುದು ಏತದಂಥ ಒಂದು ಕಟ್ಟಿಗೆಯ ಪಟ್ಟಿ. ಮುಂದಿನ ತುದಿಯನ್ನು ಬೆರಳು ಒತ್ತಿದರೆ ಹಿಂದಿನ ತುದಿ ಮೇಲೇಳುತ್ತದೆ. ಅದರ ಕೆಳಗಿನ ರಂಧ್ರ ತೆರೆದು, ತಿದಿಯ ಗಾಳಿ ರೀಡಿನ ನಾಲಗೆಯನ್ನು ಕಂಪಿಸುತ್ತ ಹೊರಬರುತ್ತದೆ. ಬೆರಳು ಬಿಟ್ಟೊಡನೆ ಸ್ಪ್ರಿಂಗು ಪಟ್ಟಿಯನ್ನು ಮರಳಿ ಕೂರಿಸಿ ರಂಧ್ರ ಮುಚ್ಚುತ್ತದೆ. ಈ ಮುಚ್ಚಳ ಬಿಗಿಯಾಗಲೆಂದು ಅದಕ್ಕೆ ಮೆತ್ತನೆಯ ತೊಗಲು, ಉಣ್ಣೆಬಟ್ಟೆ ಅಂಟಿಸಿರುತ್ತಾರೆ. ಸ್ಪ್ರಿಂಗು ಸೋತರೆ ಮನೆ ಏಳುವುದಿಲ್ಲ. ತೊಗಲು ಗಡುಸಾದರೆ ಗಾಳಿ ಸೋರಿ ಸ್ವರ ತಾನಾಗಿ ಕೂಗುತ್ತದೆ. ಉಣ್ಣೆ ಸವೆದರೆ ಕಟ್ಟಿಗೆಗೆ ಕಟ್ಟಿಗೆ ತಾಗಿ ಸದ್ದಾಗುತ್ತದೆ.

ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ವಾದನದಲ್ಲಿ ಪರಿಣತರಾಗಿದ್ದರೆಂಬುದನ್ನು ಓದುಗರು ಬಲ್ಲರು. ಆ ದೊಡ್ಡ ವಾದ್ಯದಲ್ಲಿ 88 ಮನೆಗಳು. ಒಂದೊಂದರ ಹಿಂದೆಯೂ ತಂತಿಗೆ ಬಡಿಯುವ ಸುತ್ತಿಗೆ, ಅದನ್ನು ಎತ್ತುವ, ತಡೆಯುವ ಹತ್ತಾರು ಬಿಡಿಭಾಗಗಳು. ಅಲ್ಲಿಯೂ ಮನೆಗಳು ಅಲುಗದಂತೆ ಹಿಡಿಯುವುದು ಉಣ್ಣೆಯೇ. ಹಳೆಯ ಪಿಯಾನೊಗಳನ್ನು ಹಾಳುಗೆಡಹುವ ಶತ್ರುಗಳೂ ಇವೇ: ನುಸಿ, ತೇವ, ಸವೆತ. ಅರಮನೆಯ ವಾದ್ಯಕ್ಕೂ ಬಡವರ ಪಡಸಾಲೆಯ ವಾದ್ಯಕ್ಕೂ ಮುಪ್ಪು ಒಂದೇ ಬಗೆಯಲ್ಲಿ ಬರುತ್ತದೆ.

ಮಾಸ್ತರರು ಮೊದಲು ಹೇಳಿದ್ದು, “ತಂಗಿ, ಪ್ರತಿ ಮನಿಗೂ ನಂಬರ್ ಬರಿ. ಒಂದರ ಜಾಗಾಕ್ಕ ಇನ್ನೊಂದು ಕೂಡಂಗಿಲ್ಲ” ಎಂದು. ಹುಡುಗಿ ಪೆನ್ಸಿಲ್ಲಿನಿಂದ 1ರಿಂದ 42ರವರೆಗೆ ಗುರುತು ಹಾಕಿ ಒಂದೊಂದನ್ನೇ ಬಿಚ್ಚಿಟ್ಟಳು. ಒಳಗೆಲ್ಲ ನುಸಿ ತಿಂದ ಉಣ್ಣೆಯ ಪುಡಿ. ಒಂದು ಮನೆಯ ಕೆಳಗೆ ಮಾತ್ರ ಹಸಿರು ಬಟ್ಟೆಯ ತುಂಡೊಂದು ಹಾಗೆಯೇ ಇತ್ತು. ತಾಯಿ ಬಗ್ಗಿ ನೋಡಿ, “ಇದು ನನ್ನ ಹಳೇ ಸೀರಿ ತುಂಡು. ಅವರೇ ಎಂದೋ ಇಟ್ಟಿರಬೇಕು” ಎಂದು ಸುಮ್ಮನಾದರು. ಅದು ಹತ್ತಿಯ ಬಟ್ಟೆ. ನುಸಿಗೆ ಬೇಕಾದದ್ದು ಉಣ್ಣೆ, ಆದುದರಿಂದ ಉಳಿದಿತ್ತು. ಮಗ ಆ ತುಂಡನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೊಸ ಪೆಟ್ಟಿಗೆಯ ಮಾತೆತ್ತಲಿಲ್ಲ.

ಐದು ದಿನ ಕೆಲಸ ನಡೆಯಿತು. ಗಡುಸಾದ ತೊಗಲನ್ನು ಕಿತ್ತು ಹೊಸತನ್ನು ಅಂಟಿಸಿದರು. ಸೋತ ಸ್ಪ್ರಿಂಗುಗಳನ್ನು ಬದಲಿಸಿದರು. ಉಬ್ಬಿದ ಮನೆಗಳ ಮಗ್ಗುಲನ್ನು ಮರಳು ಕಾಗದದಿಂದ ಹದವಾಗಿ ಉಜ್ಜಿ, ಎಣ್ಣೆಯ ಬದಲು ಪೆನ್ಸಿಲ್ಲಿನ ಸೀಸ ಸವರಿದರು. ಅದನ್ನು ಕಂಡು ನನ್ನ ನಂದಾದೀಪದ ಎಣ್ಣೆ ನೆನಪಾಗಿ ನಕ್ಕೆ. ರೀಡಿನ ಸಂದಿನಲ್ಲಿ ಸಿಕ್ಕ ಧೂಳನ್ನು ತೆಳು ಕಾಗದ ತೂರಿಸಿ ತೆಗೆದರು. ಶ್ರುತಿ ಕೂಡಿಸುವಾಗ ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆದುದನ್ನು ಮರಳಿ ತುಂಬಲಾಗದು. ಆದ್ದರಿಂದ ಒಂದು ಸಲ ಕೆರೆದು ಮೂರು ಸಲ ಕೇಳಬೇಕೆಂಬುದು ಮಾಸ್ತರರ ನಿಯಮ. ಕೊನೆಯ ದಿನ ಅರ ಹಿಡಿದದ್ದು ಹುಡುಗಿ, ಕಿವಿಗೊಟ್ಟದ್ದು ಮಾಸ್ತರರು.

ನಡುಸಪ್ತಕದ ಬಿಳಿ ಮನೆಗಳ ಮೇಲೆ ಬೆರಳು ಸವೆಸಿದ ಕುಳಿಗಳಿದ್ದವು. ಅವುಗಳಿಗೆ ಹೊಸ ಹೊದಿಕೆ ಹಾಕಬೇಕೆ ಎಂದು ಮಗ ಕೇಳಿದ. “ಸ್ವರಕ್ಕ ಅಡ್ಡ ಬರೋದನ್ನ ತೆಗಿಬೇಕು. ಇದು ಅಡ್ಡ ಬರಂಗಿಲ್ಲ, ಇರಲಿ” ಎಂದರು ಮಾಸ್ತರರು. ಹಸಿರು ಬಟ್ಟೆಯ ತುಂಡೂ ಅದೇ ನ್ಯಾಯದಿಂದ ತನ್ನ ಸ್ಥಾನಕ್ಕೆ ಮರಳಿತು. ಮೇಲಿನ ಸಪ್ತಕದ ಒಂದು ರೀಡು ಬಿರುಕು ಬಿಟ್ಟಿತ್ತು. ಅದಕ್ಕೆ ಸರಿಯಾದ ಜೋಡಿ ಸಿಗಲಿಲ್ಲ. ಆ ಸ್ವರ ಇಂದಿಗೂ ಕ್ಷೀಣವಾಗಿಯೇ ಇದೆ.

ಪುಣ್ಯಸ್ಮರಣೆಯ ಸಂಜೆ ಮೇಳದ ಹಿರಿಯರು ಬಂದು ಕುಳಿತರು. ಮೊಮ್ಮಗಳು ತಿದಿ ಒತ್ತಿ ಷಡ್ಜ ಹಿಡಿದಳು. ಅವಳಿಗೆ ಇನ್ನೂ ಪದ ನುಡಿಸಲು ಬಾರದು, ಶ್ರುತಿ ಹಿಡಿಯಲಷ್ಟೇ ಬಲ್ಲಳು. ಅಂದು ಅಷ್ಟು ಸಾಕಾಯಿತು. ತಾಯಿ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

ಓದುಗ ಬಂಧುಗಳಲ್ಲಿ ನನ್ನದೊಂದು ಅರಿಕೆ. ನಿಮ್ಮ ಮನೆಯಲ್ಲಿ, ನಿಮ್ಮೂರ ಮಠದಲ್ಲಿ ಇಂಥ ಪೆಟ್ಟಿಗೆ ಇದ್ದರೆ ಅದನ್ನು ತೇವದ ಗೋಡೆಗೆ ಒರಗಿಸಬೇಡಿ, ಬಿಸಿಲಿಗೂ ಇಡಬೇಡಿ. ಎಣ್ಣೆಯನ್ನಂತೂ ಮುಟ್ಟಿಸಲೇಬೇಡಿ. ವಾರಕ್ಕೊಮ್ಮೆಯಾದರೂ ನುಡಿಸಿ, ಏಕೆಂದರೆ ಮುಚ್ಚಿಟ್ಟ ವಾದ್ಯದಲ್ಲಿ ನುಸಿಗೆ ನಿರಾತಂಕ ವಾಸ. ದುರಸ್ತಿ ಬಲ್ಲ ಹಿರಿಯರು ಹತ್ತಿರದಲ್ಲಿದ್ದರೆ ಅವರನ್ನು ಮನೆಗೆ ಕರೆಯಿರಿ. ಕೂಲಿ ಕೊಟ್ಟು ಕಳುಹಿಸುವುದಷ್ಟೇ ಅಲ್ಲ, ಮನೆಯ ಮಗುವೊಂದನ್ನು ಅವರ ಪಕ್ಕದಲ್ಲಿ ಕೂರಿಸಿರಿ. ಕಾಯಕದ ಹಿರಿಮೆಯನ್ನು ಸಭೆಗಳಲ್ಲಿ ಕೊಂಡಾಡುವ ನಾವು, ಕಾಯಕ ಬಲ್ಲ ಕೈಯೊಂದು ಶಿಷ್ಯರಿಲ್ಲದೆ ಬರಿದಾಗಲು ಬಿಡಬಾರದು.

ಮಾಸ್ತರರು ಹೊರಡುವಾಗ ತಮ್ಮ ಸಣ್ಣ ಅರವನ್ನು ಆ ಹುಡುಗಿಯ ಕೈಗಿತ್ತರು. “ನನಗ ಇನ್ನೊಂದದ” ಎಂದರು. ಅವರ ಚೀಲದಲ್ಲಿ ಇನ್ನೊಂದು ಅರ ಇರಲಿಲ್ಲವೆಂಬುದು ಅವರನ್ನು ಬಸ್ಸು ಹತ್ತಿಸಲು ಹೋದ ನನಗೆ ಗೊತ್ತು.