ಮನೆಯಲ್ಲಿ ಪರದೆ, ಪ್ರಯೋಗಾಲಯದಲ್ಲಿ ಧ್ವನಿ: ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆಡುನುಡಿಯ ಟಿಪ್ಪಣೀಕರಣ

ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಧ್ವನಿಮುದ್ರಿಕೆಗಳು ವಿಶ್ವವಿದ್ಯಾಲಯದ ಪ್ರಯೋಗಾಲಯದ ಗಣಕದಲ್ಲಿರುತ್ತವೆ; ಅವನ್ನು ಕೇಳಿ, ಲಿಪ್ಯಂತರಿಸಿ, ವಿಶ್ಲೇಷಿಸಬೇಕಾದ ಸಂಶೋಧಕರು ಮನೆಯಲ್ಲಿರುತ್ತಾರೆ. ಈ ಎರಡರ ನಡುವಿನ ಅಂತರವನ್ನು ರಿಮೋಟ್ ಡೆಸ್ಕ್‌ಟಾಪ್ ವ್ಯವಸ್ಥೆ ತುಂಬುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಬಹುಮಟ್ಟಿಗೆ ನಿಜ. ಆದರೆ ಭಾಷಾವಿಜ್ಞಾನಿಗಳ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಏಕೆಂದರೆ ನಮ್ಮ ಕೆಲಸದ ಒಂದು ಭಾಗ ಗಣಕದೊಳಗೆ ನಡೆದರೆ, ಇನ್ನೊಂದು ಭಾಗ ನಮ್ಮ ಕಿವಿಯಲ್ಲಿ ನಡೆಯುತ್ತದೆ. ಈ ವ್ಯವಸ್ಥೆಯಲ್ಲಿ ಗಣಕ ಪ್ರಯೋಗಾಲಯದಲ್ಲಿಯೇ ಉಳಿಯುತ್ತದೆ, ಕಿವಿ ಮಾತ್ರ ಮನೆಯಲ್ಲಿರುತ್ತದೆ. ಯಾವ ಬಗೆಯ ಟಿಪ್ಪಣಿಯನ್ನು ಹೀಗೆ ಮಾಡಬಹುದು, ಯಾವುದನ್ನು ಮಾಡಲಾಗದು ಎಂಬುದನ್ನು ಚಾಮರಾಜನಗರ ಜಿಲ್ಲೆಯ ಆಡುನುಡಿಗಳನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ.

ಚಾಮರಾಜನಗರವನ್ನೇ ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಅಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಜಿಲ್ಲೆ ರೂಪುಗೊಂಡದ್ದೇ 1997ರಲ್ಲಿ. ಗುಂಡ್ಲುಪೇಟೆಯಂಥ ತಾಲ್ಲೂಕು ಕೇಂದ್ರದಲ್ಲಿ ವಾಸಿಸುತ್ತ, ದಿನದಲ್ಲಿ ಬೇರೆ ಉದ್ಯೋಗ ಮಾಡುತ್ತ, ಸಂಜೆಯ ಹೊತ್ತು ಪ್ರಬಂಧ ಬರೆಯುವ ಸಂಶೋಧನಾ ವಿದ್ಯಾರ್ಥಿಗೆ ಪ್ರಯೋಗಾಲಯದ ಬಾಗಿಲು ತೆರೆದಿರುವ ವೇಳೆಯಲ್ಲಿ ಅಲ್ಲಿರುವುದು ಸುಲಭವಲ್ಲ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದೆ. ಮೊಬೈಲ್ ಜಾಲದಿಂದ ಬರುವ ಅಂತರ್ಜಾಲ ಸಂಪರ್ಕವಿದೆ. ಪ್ರಯೋಗಾಲಯ ಚಾಮರಾಜನಗರದಲ್ಲಿರಲಿ, ಮೈಸೂರಿನಲ್ಲಿರಲಿ, ಅಲ್ಲಿನ ಗಣಕವನ್ನು ಮನೆಯ ಪರದೆಯ ಮೇಲೆ ತೆರೆಯಲು ಇಷ್ಟು ಸಾಕು.

ವ್ಯವಸ್ಥೆಯ ಸ್ವರೂಪ

ರಿಮೋಟ್ ಡೆಸ್ಕ್‌ಟಾಪ್ ಎಂಬುದನ್ನು ವರ್ಚುವಲ್ ಲ್ಯಾಬ್‌ನೊಂದಿಗೆ ಬೆರೆಸಬಾರದು. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಪಾಲ್ಗೊಂಡಿರುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ವಿದ್ಯಾರ್ಥಿ ಬ್ರೌಸರ್‌ನಲ್ಲಿ ನೋಡುವುದು ಬಹುಪಾಲು ಪ್ರಯೋಗದ ಅನುಕರಣೆಯನ್ನು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅನುಕರಣೆಯಿಲ್ಲ. ನಿಜವಾದ ಗಣಕವೊಂದು ದೂರದಲ್ಲಿ ಕೆಲಸ ಮಾಡುತ್ತಿರುತ್ತದೆ. ಅದರ ಪರದೆಯ ಚಿತ್ರ ಮನೆಗೆ ಬರುತ್ತದೆ, ಮನೆಯ ಕೀಲಿಮಣೆ ಮತ್ತು ಮೌಸ್‌ನ ಸಂಕೇತಗಳು ಅಲ್ಲಿಗೆ ಹೋಗುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ತಂದ ಆರ್‌ಡಿಪಿ ಎಂಬ ನಿಯಮಾವಳಿ ಇಂದು ಹೆಚ್ಚು ಬಳಕೆಯಲ್ಲಿದೆ. ಕೇಂಬ್ರಿಜ್‌ನ ಸಂಶೋಧನಾಲಯವೊಂದರಲ್ಲಿ ಹುಟ್ಟಿದ ವಿಎನ್‌ಸಿ ಇನ್ನೊಂದು. ಅಪಾಚೆ ಗ್ವಾಕಮೋಲಿಯಂಥ ಮಧ್ಯವರ್ತಿ ತಂತ್ರಾಂಶವಿದ್ದರೆ ಮನೆಯ ಗಣಕದಲ್ಲಿ ಬ್ರೌಸರ್ ಹೊರತು ಬೇರೇನೂ ಬೇಕಿಲ್ಲ.

ಬಳಸುವವರು ತಿಳಿದಿರಬೇಕಾದ ಎರಡು ಮಾತುಗಳನ್ನು ಇಲ್ಲಿಯೇ ಹೇಳಿಬಿಡಬಹುದು. ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಅಧಿವೇಶನ ಮುಗಿಯುವುದಿಲ್ಲ; ಸಂಪರ್ಕ ಕಡಿಯುತ್ತದೆ, ಅಷ್ಟೆ. ತೆರೆದ ಕಡತಗಳೂ ಓಡುತ್ತಿರುವ ಸ್ಕ್ರಿಪ್ಟ್‌ಗಳೂ ಅಲ್ಲಿ ಹಾಗೆಯೇ ಮುಂದುವರಿಯುತ್ತವೆ. ಸಂಜೆಯಲ್ಲಿ ಕರೆಂಟು ಹೋಗುವ ಊರಿನವರಿಗೆ ಇದೊಂದು ವರವೇ ಸರಿ: ಪ್ರಾಟ್ ತಂತ್ರಾಂಶದಲ್ಲಿ ನೂರಾರು ಕಡತಗಳಿಂದ ಫಾರ್ಮಂಟ್‌ಗಳನ್ನು ಅಳೆಯುವ ಸ್ಕ್ರಿಪ್ಟ್ ಹೂಡಿ, ಮತ್ತೆ ಬೆಳಕು ಬಂದಾಗ ಫಲಿತಾಂಶವನ್ನು ನೋಡಬಹುದು. ಆದರೆ ಸಾಮಾನ್ಯ ವಿಂಡೋಸ್ ಗಣಕದಲ್ಲಿ ಏಕಕಾಲಕ್ಕೆ ಒಬ್ಬರೇ ಕೆಲಸ ಮಾಡಬಹುದಾದ್ದರಿಂದ, ಸೈನ್ ಔಟ್ ಮಾಡದೆ ಬಿಟ್ಟ ಅಧಿವೇಶನ ಮರುದಿನ ಆ ಕುರ್ಚಿಯಲ್ಲಿ ಕೂರುವವರ ದಾರಿಗೆ ಅಡ್ಡವಾಗುತ್ತದೆ.

ಎರಡನೆಯ ಮಾತು ಭದ್ರತೆಯದು. ಆರ್‌ಡಿಪಿ ಬಳಸುವ 3389ನೆಯ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡಬಾರದು. 2019ರ ಮೇ ತಿಂಗಳಿನಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷ ಇದಕ್ಕೆ ಸಾಕಷ್ಟು ಎಚ್ಚರಿಕೆ. ವಿಪಿಎನ್ ಅಥವಾ ಗೇಟ್‌ವೇ ಮೂಲಕವೇ ಪ್ರವೇಶಿಸಬೇಕು. ಇದು ಗಣಕ ವಿಭಾಗದವರ ಹೊಣೆಯಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಅಳತೆ ಉಳಿಯುತ್ತದೆ, ಆಲಿಕೆ ಬದಲಾಗುತ್ತದೆ

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿದ ಒಂದು ಗಂಟೆಯ ಏಕವಾಹಿನಿ ಧ್ವನಿ ಸುಮಾರು 518 ಮೆಗಾಬೈಟ್‌ ಆಗುತ್ತದೆ. ಇಂಥ ಹತ್ತಾರು ಗಂಟೆಗಳ ಸಾಮಗ್ರಿಯನ್ನು ಮನೆಗೆ ಇಳಿಸಿಕೊಳ್ಳಬೇಕಿಲ್ಲ ಎಂಬುದು ರಿಮೋಟ್ ಡೆಸ್ಕ್‌ಟಾಪ್‌ನ ದೊಡ್ಡ ಅನುಕೂಲ. ಪ್ರಾಟ್ ಅಲ್ಲಿಯ ಗಣಕದಲ್ಲಿ, ಅಲ್ಲಿಯ ಮೂಲ ಕಡತದ ಮೇಲೆ ಲೆಕ್ಕ ಹಾಕುತ್ತದೆ. ಸಂಪರ್ಕ ಎಷ್ಟೇ ಕುಂಟುತ್ತಿದ್ದರೂ ಮೊದಲ ಮತ್ತು ಎರಡನೆಯ ಫಾರ್ಮಂಟ್‌ಗಳ ಬೆಲೆ, ಸ್ವರದ ಕಾಲಾವಧಿ, ಸ್ಥಾಯಿಯ ಏರಿಳಿತ ಯಾವುದೂ ಬದಲಾಗುವುದಿಲ್ಲ.

ಬದಲಾಗುವುದು ನಮಗೆ ಕೇಳುವ ಧ್ವನಿ. ಪರದೆಯ ಚಿತ್ರ ಒಂದು ವಾಹಿನಿಯಲ್ಲಿ ಬಂದರೆ ಧ್ವನಿ ಬೇರೊಂದು ವಾಹಿನಿಯಲ್ಲಿ ಬರುತ್ತದೆ. ಜಾಲದ ಸಾಮರ್ಥ್ಯವನ್ನು ನೋಡಿಕೊಂಡು ಆರ್‌ಡಿಪಿ ಅದನ್ನು ಸಂಕುಚಿತಗೊಳಿಸುತ್ತದೆ. ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಈ ಸಂಕೋಚನದ ಮಟ್ಟ ಸಂಪರ್ಕಕ್ಕೆ ತಕ್ಕಂತೆ ತಾನಾಗಿಯೇ ನಿರ್ಧಾರವಾಗುತ್ತದೆ. ಅಂದರೆ ಸೋಮವಾರ ಕೇಳಿದ ಧ್ವನಿ ಮತ್ತು ಗುರುವಾರ ಕೇಳಿದ ಧ್ವನಿ ಒಂದೇ ಗುಣಮಟ್ಟದವು ಎಂದು ನಂಬುವ ಹಾಗಿಲ್ಲ. ವಿಶ್ಲೇಷಕರಿಗೆ ಇದು ತಿಳಿಯುವುದೂ ಇಲ್ಲ. ಮಾತು ಅರ್ಥವಾಗುತ್ತದೆ, ಆದ್ದರಿಂದ ಎಲ್ಲವೂ ಸರಿಯಿದೆ ಎಂದೇ ಅನ್ನಿಸುತ್ತದೆ.

ಇದರ ಪರಿಣಾಮ ಎಲ್ಲ ಧ್ವನಿಗಳ ಮೇಲೂ ಸಮನಾಗಿ ಆಗುವುದಿಲ್ಲ. ಗ್ರಾಮೀಣ ಕನ್ನಡದಲ್ಲಿ ಶಕಾರ ಸಕಾರವಾಗುವುದು ಚಿರಪರಿಚಿತ ಸಂಗತಿ: ‘ಶಾಲೆ’ ‘ಸಾಲೆ’ಯಾಗುತ್ತದೆ, ‘ಶನಿವಾರ’ ‘ಸನಿವಾರ’ವಾಗುತ್ತದೆ. ಒಬ್ಬ ಭಾಷಿಕ ಯಾವ ಸಂದರ್ಭದಲ್ಲಿ ಯಾವ ರೂಪವನ್ನು ಬಳಸುತ್ತಾರೆ ಎಂಬುದನ್ನು ವಯಸ್ಸು, ಶಿಕ್ಷಣ, ಜಾತಿಗಳೊಂದಿಗೆ ಹೊಂದಿಸಿ ನೋಡುವುದು ಸಾಮಾಜಿಕ ಭಾಷಾವಿಜ್ಞಾನದ ಪರಿಚಿತ ಕ್ರಮ. ಈ ಎರಡು ಊಷ್ಮಗಳ ಭೇದ ಇರುವುದೇ ಮೇಲಿನ ಆವೃತ್ತಿಗಳಲ್ಲಿ. ಸಕಾರದ ಶಕ್ತಿಯ ಹೆಚ್ಚಿನ ಪಾಲು ಸಾಮಾನ್ಯವಾಗಿ 4 ಕಿಲೋಹರ್ಟ್ಸ್‌ಗಿಂತ ಮೇಲಿದ್ದರೆ, ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಹಳೆಯ ದೂರವಾಣಿ ಸುಮಾರು 3.4 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿದ್ದುದರಿಂದ ಹೆಸರಿನ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಸಂಕೋಚನದಲ್ಲಿ ಮೊದಲು ಕಳೆದುಹೋಗುವುದು ಮೇಲಿನ ಆವೃತ್ತಿಗಳೇ. ಹಾಗಾದಾಗ ಸಂದಿಗ್ಧ ಉಚ್ಚಾರಣೆಗಳನ್ನು ಕಿವಿ ತನ್ನ ನಿರೀಕ್ಷೆಗೆ ತಕ್ಕಂತೆ ತುಂಬಿಕೊಳ್ಳುತ್ತದೆ: ಮೇಷ್ಟರ ಮಾತಿನಲ್ಲಿ ಶಕಾರ, ಕೂಲಿಯವರ ಮಾತಿನಲ್ಲಿ ಸಕಾರ ಕೇಳಿಸುತ್ತದೆ. ಪ್ರಮೇಯವನ್ನು ಪರೀಕ್ಷಿಸಬೇಕಾದ ದತ್ತಾಂಶದೊಳಗೆ ಪ್ರಮೇಯವೇ ಸೇರಿಕೊಳ್ಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯ ಅತ್ಯಂತ ದೊಡ್ಡ ಅಪಾಯ ಇದೇ.

ಹಕಾರಲೋಪದ ವಿಷಯದಲ್ಲಿಯೂ ಎಚ್ಚರ ಬೇಕು. ‘ಹಾಲು’ ‘ಆಲು’ ಆಯಿತೇ ಇಲ್ಲವೇ ಎಂಬುದನ್ನು ನಿರ್ಧರಿಸುವ ಕ್ಷೀಣ ಉಸಿರು ಸಂಕೋಚನದಲ್ಲಿ ಹಿನ್ನೆಲೆಯ ಸದ್ದಿನೊಂದಿಗೆ ಬೆರೆತುಹೋಗಬಹುದು. ದ್ವಿತ್ವದ ಭೇದ, ಉದಾಹರಣೆಗೆ ‘ಹಳಿ’ ಮತ್ತು ‘ಹಳ್ಳಿ’, ಇಷ್ಟು ಸುಲಭವಾಗಿ ಕೆಡುವುದಿಲ್ಲ. ಸ್ವರಗಳದ್ದು ನಡುವಿನ ಸ್ಥಿತಿ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ನೀಲಗಿರಿಯ ಭಾಷಾವಲಯ; ಇರುಳ, ಕುರುಂಬ ಮೊದಲಾದ ಅಲ್ಲಿನ ಭಾಷೆಗಳಲ್ಲಿ ಕೇಂದ್ರೀಯ ಸ್ವರಗಳಿವೆ ಎಂಬುದನ್ನು ಜ್ವೆಲೆಬಿಲ್ ಮೊದಲಾದವರು ವಿವರಿಸಿದ್ದಾರೆ. ಇಂಥ ಸ್ವರಗಳನ್ನು ಕೇಂದ್ರೀಯವಲ್ಲದ ಸ್ವರಗಳಿಂದ ಬೇರ್ಪಡಿಸುವಾಗ ಮನೆಯಲ್ಲಿ ಕೇಳಿದ್ದನ್ನು ಮಾತ್ರ ನೆಚ್ಚದೆ, ಪ್ರತಿ ಉದಾಹರಣೆಯ ಫಾರ್ಮಂಟ್ ಬೆಲೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಸೂಕ್ತ.

ಪರಿಹಾರ ಭಾಗಶಃ ಇದೆ. ಆರ್‌ಡಿಪಿ ಸಂಪರ್ಕದ ವಿವರಗಳಿರುವ ಚಿಕ್ಕ ಪಠ್ಯ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಆಡಿಯೋಕ್ವಾಲಿಟಿಮೋಡ್’ ಎಂಬ ಸಾಲಿನ ಬೆಲೆಯನ್ನು 2 ಎಂದು ಬದಲಿಸಿದರೆ ಸಂಕೋಚನವಿಲ್ಲದ ಧ್ವನಿಯನ್ನು ಕೇಳಿದಂತಾಗುತ್ತದೆ. ಸಿಡಿ ಗುಣಮಟ್ಟದ ದ್ವಿವಾಹಿನಿ ಧ್ವನಿಗೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ನಿರಂತರವಾಗಿ ಬೇಕು. ಪರದೆಯ ಚಿತ್ರಕ್ಕೆ ಬೇಕಾದದ್ದು ಬೇರೆ. ಸಂಪರ್ಕ ಅಷ್ಟು ಸ್ಥಿರವಾಗಿಲ್ಲದಿದ್ದರೆ ಧ್ವನಿ ತುಂಡುತುಂಡಾಗುತ್ತದೆ. ವಿಚಿತ್ರವೆಂದರೆ ತುಂಡಾಗುವ ಧ್ವನಿಯೇ ಮೇಲು, ಏಕೆಂದರೆ ಅದರ ದೋಷ ಕೇಳುವವರಿಗೆ ಗೊತ್ತಾಗುತ್ತದೆ.

ಕಾಲದ ಪಲ್ಲಟ

ನೈಮೇಖನ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆ ರೂಪಿಸಿದ ಎಲಾನ್ ತಂತ್ರಾಂಶದಲ್ಲಿ ಧ್ವನಿ ನುಡಿಯುತ್ತಿರುವಾಗಲೇ ಕೀಲಿಯೊಂದನ್ನು ಒತ್ತಿ ಉಕ್ತಿಗಳ ಗಡಿಯನ್ನು ಗುರುತಿಸುವ ಸೌಲಭ್ಯವಿದೆ. ವೇಗವಾಗಿ ಕೆಲಸ ಸಾಗುವುದರಿಂದ ವಿದ್ಯಾರ್ಥಿಗಳಿಗೆ ಇದು ಪ್ರಿಯ. ಪ್ರಯೋಗಾಲಯದ ಗಣಕ ನುಡಿಸಿದ ಧ್ವನಿ ಮನೆಯ ಕಿವಿಗೆ ತಲುಪಲು 180 ಮಿಲಿಸೆಕೆಂಡ್, ಒತ್ತಿದ ಕೀಲಿಯ ಸಂಕೇತ ಅಲ್ಲಿಗೆ ತಲುಪಲು 40 ಮಿಲಿಸೆಕೆಂಡ್ ಬೇಕೆಂದಿಟ್ಟುಕೊಳ್ಳೋಣ. ಆಗ ಪ್ರತಿ ಗಡಿಯೂ, ಮನುಷ್ಯನ ಪ್ರತಿಕ್ರಿಯಾಕಾಲವನ್ನು ಬಿಟ್ಟು, 220 ಮಿಲಿಸೆಕೆಂಡ್ ಮುಂದಕ್ಕೆ ಬೀಳುತ್ತದೆ. ನಿರರ್ಗಳ ಮಾತಿನಲ್ಲಿ ಅಷ್ಟು ಹೊತ್ತಿಗೆ ಒಂದು ಅಕ್ಷರ ಪೂರ್ತಿ ಕಳೆದುಹೋಗಿರುತ್ತದೆ. ಈ ವಿಳಂಬ ಸ್ಥಿರವಾಗಿದ್ದಿದ್ದರೆ ಕೊನೆಯಲ್ಲಿ ಒಟ್ಟಾಗಿ ಕಳೆದುಬಿಡಬಹುದಿತ್ತು. ಆದರೆ ಅದು ಜಾಲದ ದಟ್ಟಣೆಯೊಂದಿಗೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕಳೆಯಲು ಒಂದು ಸಂಖ್ಯೆಯೇ ಇಲ್ಲ.

ಪ್ರಾಟ್‌ನಲ್ಲಿ ನುಡಿಯುವಾಗ ಚಲಿಸುವ ಗೆರೆಯನ್ನು ಕಣ್ಣಿನಿಂದ ಹಿಂಬಾಲಿಸುವುದೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ: ಗೆರೆ ಚಿತ್ರದ ವಾಹಿನಿಯಲ್ಲಿ ಬರುತ್ತದೆ, ಧ್ವನಿ ಇನ್ನೊಂದರಲ್ಲಿ. ಧ್ವನಿಯನ್ನು ನಿಲ್ಲಿಸಿ, ಸ್ಪೆಕ್ಟ್ರೋಗ್ರಾಂ ನೋಡಿ ಗಡಿಯನ್ನಿಡಬೇಕು. ಬಳಿಕ ಆ ಖಂಡವನ್ನಷ್ಟೇ ಆಯ್ದು ನುಡಿಸಿ ಕೇಳಬೇಕು. ಹೀಗೆ ಇಟ್ಟ ಗಡಿಗೆ ವಿಳಂಬದ ಸೋಂಕಿಲ್ಲ.

ಕನ್ನಡದ ಕೀಲಿಮಣೆ

ಮನೆಯ ಗಣಕದಲ್ಲಿ ನುಡಿ ತಂತ್ರಾಂಶ ಚಾಲೂ ಇದ್ದರೂ ದೂರದ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳೇ ಮೂಡುವುದು ಹೊಸಬರನ್ನು ಕಂಗೆಡಿಸುತ್ತದೆ. ಸಾಮಾನ್ಯವಾಗಿ ಆರ್‌ಡಿಪಿ ಕಳಿಸುವುದು ಅಕ್ಷರವನ್ನಲ್ಲ, ಒತ್ತಿದ ಕೀಲಿಯ ಸ್ಥಾನವನ್ನು. ಆ ಸ್ಥಾನ ಯಾವ ಅಕ್ಷರವೆಂಬುದನ್ನು ನಿರ್ಧರಿಸುವುದು ದೂರದ ಗಣಕದ ವಿನ್ಯಾಸ. ಆದ್ದರಿಂದ ಕನ್ನಡ ವಿನ್ಯಾಸವನ್ನು ಅಲ್ಲಿಯೇ ಅಳವಡಿಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಮೊದಲಿನಿಂದಲೂ ಇದೆ, ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಒಗ್ಗಿದವರು ಆಡಳಿತಗಾರರನ್ನು ಕೇಳಿ ಹಾಕಿಸಿಕೊಳ್ಳಬೇಕಾದೀತು. ಹಳೆಯ ನುಡಿ ಕಡತಗಳ ಪಠ್ಯವನ್ನು ಕ್ಲಿಪ್‌ಬೋರ್ಡ್ ಮೂಲಕ ಎಲಾನ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣಿಸುತ್ತವೆ, ಏಕೆಂದರೆ ಆ ಪಠ್ಯದಲ್ಲಿ ಕನ್ನಡವಿದ್ದದ್ದು ಅಕ್ಷರಶೈಲಿಯಲ್ಲಿ ಮಾತ್ರ. ಅಂಟಿಸುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಬೇಕು. ಶಾಸನಪಾಠಗಳಿಗಾಗಿ ೞಕಾರವನ್ನು ಅಕ್ಷರಪಟ್ಟಿಯಲ್ಲಿ ಹುಡುಕುವವರಿಗೊಂದು ಸೂಚನೆ: ಯೂನಿಕೋಡ್‌ನಲ್ಲಿ ಅದರ ಅಧಿಕೃತ ಹೆಸರು ತಪ್ಪಾಗಿ ‘ಫಾ’ ಎಂದು ದಾಖಲಾಗಿದೆ, ಹೆಸರುಗಳನ್ನು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ.

ಧ್ವನಿ ಯಾರದು?

ರಿಮೋಟ್ ಡೆಸ್ಕ್‌ಟಾಪ್‌ನ ಪರವಾಗಿ ಹೇಳಬಹುದಾದ ಬಲವಾದ ಮಾತು ಅನುಕೂಲಕ್ಕಿಂತ ಹೆಚ್ಚಾಗಿ ನೈತಿಕತೆಗೆ ಸೇರಿದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತಿನಲ್ಲಿ ಗಿಡಮರ, ಜೇನು, ಹಕ್ಕಿಗಳ ಜ್ಞಾನ ಎಷ್ಟು ದಟ್ಟವಾಗಿ ಹೆಣೆದುಕೊಂಡಿದೆ ಎಂಬುದನ್ನು ಆಂಗ್ ಸಿ ಅವರ 2016ರ ಗ್ರಂಥ ತೋರಿಸಿದೆ. ಅಂಥ ಮುದ್ರಿಕೆ ಒಂದು ಪೆನ್‌ಡ್ರೈವ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ವಾಟ್ಸಾಪ್‌ಗೆ ಹೋಗುವುದು ಮಾತನಾಡಿದವರ ಒಪ್ಪಿಗೆಯ ಮಿತಿಯನ್ನು ಮೀರಿದಂತೆ. ಕಡತ ಪ್ರಯೋಗಾಲಯದಿಂದ ಹೊರಗೆ ಬರದೆಯೇ ಅದರ ಮೇಲೆ ಕೆಲಸ ಮಾಡುವ ದಾರಿಯನ್ನು ಈ ವ್ಯವಸ್ಥೆ ಕೊಡುತ್ತದೆ. ಆದರೆ ಮನೆಯ ಗಣಕದ ಡ್ರೈವ್‌ಗಳನ್ನು ದೂರದ ಗಣಕದಲ್ಲಿ ಕಾಣಿಸುವ ಸೌಲಭ್ಯ ತೆರೆದಿದ್ದರೆ ಒಂದು ಎಳೆತದಲ್ಲಿ ಇಡೀ ಸಂಗ್ರಹ ಮನೆಗೆ ಬಂದುಬಿಡುತ್ತದೆ. ನಿರ್ಬಂಧಿತ ಸಂಗ್ರಹಗಳಿರುವ ಗಣಕಗಳಲ್ಲಿ ಆ ಸೌಲಭ್ಯವನ್ನು ಆಡಳಿತಗಾರರು ಮುಚ್ಚಿರಬೇಕು. ಒಪ್ಪಿಗೆಪತ್ರದಲ್ಲಿ ‘ವಿಶ್ವವಿದ್ಯಾಲಯದಲ್ಲಿ ಕೇಳುತ್ತೇವೆ’ ಎಂದಿದ್ದರೆ, ಗುಂಡ್ಲುಪೇಟೆಯ ನಡುಮನೆಯಲ್ಲಿ, ಮನೆಮಂದಿಯ ನಡುವೆ ಅದನ್ನು ಸ್ಪೀಕರಿನಲ್ಲಿ ನುಡಿಸುವುದೂ ಉಲ್ಲಂಘನೆಯೇ. ಕಿವಿಗೆ ಹೆಡ್‌ಫೋನ್ ಧರಿಸುವುದು ಇಲ್ಲಿ ಗುಣಮಟ್ಟದ ವಿಷಯ ಮಾತ್ರವಲ್ಲ.

ಮೈಕ್ರೊಫೋನನ್ನು ದೂರದ ಗಣಕಕ್ಕೆ ಜೋಡಿಸಿ ಮನೆಯಿಂದಲೇ ಭಾಷಿಕರ ಮಾತನ್ನು ಅಲ್ಲಿ ಮುದ್ರಿಸಬಹುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ತಾಂತ್ರಿಕವಾಗಿ ಸಾಧ್ಯ, ಆದರೆ ಹೀಗೆ ಬಂದ ಧ್ವನಿ ಕಡತವಾಗುವ ಮೊದಲೇ ಸಂಕುಚಿತವಾಗಿರುತ್ತದೆ, ಆಗ ಮೇಲೆ ಹೇಳಿದ ಅಳತೆಯ ಭರವಸೆಯೂ ಉಳಿಯುವುದಿಲ್ಲ. ಮುದ್ರಣ ಸ್ಥಳದಲ್ಲಿಯೇ, ಮುದ್ರಣಯಂತ್ರದಲ್ಲಿಯೇ ಆಗಬೇಕು.

ಯು.ಪಿ. ಉಪಾಧ್ಯಾಯರು 1976ರಲ್ಲಿ ಪ್ರಕಟಿಸಿದ ಕನ್ನಡ ಉಪಭಾಷೆಗಳ ತೌಲನಿಕ ಅಧ್ಯಯನ ಬಳ್ಳಾರಿ, ಗುಲ್ಬರ್ಗ, ಕುಮಟಾಗಳ ಜೊತೆಗೆ ನೆರೆಯ ನಂಜನಗೂಡಿನ ನುಡಿಯನ್ನೂ ಒಳಗೊಂಡಿದೆ. ಅದರೊಂದಿಗೆ ಇಂದಿನ ಗುಂಡ್ಲುಪೇಟೆಯ ನುಡಿಯನ್ನು ಹೋಲಿಸಹೊರಟ ಸಂಶೋಧಕರು ತಮ್ಮ ದತ್ತಾಂಶದ ಪ್ರತಿ ಟಿಪ್ಪಣಿಯ ಜೊತೆಗೆ ಇನ್ನೊಂದು ಅಂಕಣವನ್ನು ಸೇರಿಸಿಕೊಳ್ಳಬೇಕೆಂಬುದು ನಮ್ಮ ಸಲಹೆ: ಈ ನಿರ್ಧಾರ ಪ್ರಯೋಗಾಲಯದಲ್ಲಿ ಕೇಳಿ ಮಾಡಿದ್ದೋ, ಮನೆಯಲ್ಲಿ ಕೇಳಿ ಮಾಡಿದ್ದೋ, ಅಳತೆಯಿಂದ ಮಾಡಿದ್ದೋ. ಲಿಪ್ಯಂತರ, ಪದಾಂಶ ವಿಶ್ಲೇಷಣೆ, ಅನುವಾದಗಳಿಗೆ ಈ ಅಂಕಣ ಬಹುಶಃ ಬೇಕಾಗದು. ಊಷ್ಮ, ಹಕಾರ, ಕೇಂದ್ರೀಯ ಸ್ವರಗಳ ಸಾಲುಗಳಲ್ಲಿ ‘ಮನೆ’ ಎಂದು ಗುರುತಿಸಿದವುಗಳನ್ನು ಪ್ರಯೋಗಾಲಯಕ್ಕೆ ಹೋದ ದಿನ, ಹಿಂದಿನ ನಿರ್ಧಾರವನ್ನು ಮರೆಮಾಡಿ, ಮತ್ತೊಮ್ಮೆ ಕೇಳಿ ಗುರುತಿಸಬೇಕು. ಎರಡು ಬಾರಿಯ ಗುರುತುಗಳು ಎಷ್ಟು ಹೊಂದುತ್ತವೆ ಎಂಬುದನ್ನು ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ವರದಿ ಮಾಡಬೇಕು.